ತಿರುಗಲಾರದ ಕಡೆಯಿಂದ ಕರೆಯುವುದು

ಹಸುಗೂಸನ್ನು ಬೇಕೆಂದೇ ಅಳಿಸುವುದು ನಮ್ಮೂರು ಸೊಕ್ಕೆಯಲ್ಲಿ ಪಾಪದ ಲೆಕ್ಕಕ್ಕೆ ಸೇರುತ್ತದೆ. ಹಸಿವಿಗೆ ಅತ್ತರೆ ಹಾಲು, ನಿದ್ದೆಗೆ ಅತ್ತರೆ ಜೋಲಿ, ದೃಷ್ಟಿಯಾಗಿ ಅತ್ತರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು. ಹೇಗಾದರೂ ಸರಿ, ಅಳು ನಿಲ್ಲಬೇಕು. ಈ ನಂಬಿಕೆಯಲ್ಲೇ ನಾನು ಬೆಳೆದೆ, ನನ್ನ ಮಕ್ಕಳನ್ನೂ ಬೆಳೆಸಿದೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ, ಹೊನ್ನಾಳಿ ಕಡೆಗೆ ಕೊಟ್ಟ ಮಗಳು ಬಾಣಂತನಕ್ಕೆ ಬಂದಳು. ಆಗ ನಮ್ಮ ಮನೆಯಲ್ಲಿ ದಿನಕ್ಕೆ ಹಲವು ಸಲ ಒಂದು ಕೂಸನ್ನು ಗೊತ್ತಿದ್ದೂ ಗೊತ್ತಿದ್ದೂ ಅಳಿಸುವ ಕೆಲಸ ನಡೆಯತೊಡಗಿತು. ಅಳಿಸುತ್ತಿದ್ದವಳು ನಾನು. ಅಳುತ್ತಿದ್ದವನು ನನ್ನ ಮೊಮ್ಮಗ. ಅಳಿಸಿ ಮಾಡುವ ಒಳಿತಿಗೆ ದಯೆ ಎಂಬ ಹೆಸರು ಸಲ್ಲುತ್ತದೆಯೇ? ಧರ್ಮದ ಮೂಲವೇ ದಯೆ ಎಂದು ಕೇಳುತ್ತ ಬೆಳೆದವಳು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಕೈ ಮುಂದೆ ಚಾಚುವುದು ಹೇಗೆ?

ಕೂಸಿನ ಗೋಣು ಬಲಕ್ಕೆ ವಾಲಿತ್ತು, ಮುಖ ಯಾವಾಗಲೂ ಎಡಕ್ಕೆ ತಿರುಗಿರುತ್ತಿತ್ತು. ಅದನ್ನು ಮೊದಲು ಕಂಡವರು ನಮ್ಮ ಅತ್ತೆ. ಅವರಿಗೆ ಈಗ ಕೂಸಿಗೆ ಎರೆಯಲು ಆಗುವುದಿಲ್ಲ. ಆದರೂ ಬಚ್ಚಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಎಣ್ಣೆ ಎಷ್ಟು, ನೀರಿನ ಬಿಸಿ ಎಷ್ಟು ಎಂದು ಹೇಳುತ್ತಲೇ ಇರುತ್ತಾರೆ. "ಬಲಗಡೆ ಗೋಣಿನ ಸಂದಿಗೆ ಎಣ್ಣೆ ಹೋಗ್ತಾ ಇಲ್ಲ ನೋಡವ್ವಾ. ಕೂಸು ಆ ಕಡೆ ಬಿಡ್ತಾನೇ ಇಲ್ಲ" ಎಂದರು. ಬೆರಳಾಡಿಸಿದರೆ ಕತ್ತಿನ ಬಲಪಕ್ಕದಲ್ಲಿ ಸಣ್ಣದೊಂದು ಗಂಟು ಕೈಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ. ನಮ್ಮೂರಿನ ಆಶಾ ಬಂದಾಗ ತೋರಿಸಿದೆವು. ಆಕೆ ಕೂಸಿನ ಮುಖದ ಮುಂದೆ ಬೆರಳು ಚಿಟಿಕೆ ಹೊಡೆದು ಎರಡೂ ಕಡೆಗೆ ಕರೆದು ನೋಡಿದಳು. "ಮೇಡಂ, ಮೂರು ತಿಂಗಳಾದ ಮೇಲೆ ಗೋಣು ನಿಂತಾಗ ನೋಡೋಣ ಅಂತ ಕೂರಬೇಡ್ರಿ, ಈಗಲೇ ದಾವಣಗೆರೆಗೆ ಹೋಗ್ರಿ" ಎಂದಳು.

ವೈದ್ಯರು ಇದನ್ನು ಟಾರ್ಟಿಕೋಲಿಸ್ ಎನ್ನುತ್ತಾರೆ. ಕಿವಿಯ ಹಿಂದಿನ ಎಲುಬಿನಿಂದ ಹೊರಟು, ಕತ್ತಿನ ಪಕ್ಕಕ್ಕೆ ಓರೆಯಾಗಿ ಇಳಿದು, ಎದೆಯ ಎಲುಬಿಗೂ ಕೊರಳೆಲುಬಿಗೂ ಸೇರುವ ಒಂದು ಸ್ನಾಯು ಇದೆ. ಅದರ ಹೆಸರು ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್. ಬಲಗಡೆಯ ಈ ಸ್ನಾಯು ಬಿಗಿದು ಗಿಡ್ಡವಾದರೆ ತಲೆ ಬಲಕ್ಕೆ ವಾಲುತ್ತದೆ, ಗದ್ದ ಎಡಕ್ಕೆ ಹೋಗುತ್ತದೆ. ಗರ್ಭದಲ್ಲಿ ಜಾಗ ಇಕ್ಕಟ್ಟಾಗಿ ಕತ್ತು ಒಂದೇ ಭಂಗಿಯಲ್ಲಿ ಉಳಿಯುವುದು, ಕೂಸು ಕಾಲು ಮುಂದಾಗಿ ಬರುವುದು, ಹೆರಿಗೆ ಕಷ್ಟವಾಗುವುದು ಇಂಥವನ್ನು ಕಾರಣವಾಗಿ ಹೇಳುತ್ತಾರೆ. ಹಾಗೆಯೇ ಬಿಟ್ಟರೆ ಎಳೆಯ ತಲೆಬುರುಡೆ ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ, ಬರುಬರುತ್ತ ಮುಖದ ಎರಡು ಬದಿಗಳಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ. ಇಂಥ ಕೆಲವು ಮಕ್ಕಳಲ್ಲಿ ಸೊಂಟದ ಕೀಲಿನ ದೋಷವೂ ಇರುವುದರಿಂದ ಅದನ್ನೂ ನೋಡುತ್ತಾರೆ. ಕಣ್ಣಿನ ತೊಂದರೆಯಿಂದಲೋ ಕತ್ತಿನ ಎಲುಬಿನ ದೋಷದಿಂದಲೋ ತಲೆ ವಾಲಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಫಿಸಿಯೋಥೆರಪಿ.

ದಾವಣಗೆರೆಯ ಆಸ್ಪತ್ರೆಯಲ್ಲಿ ನಮಗೆ ಹೇಳಿಕೊಟ್ಟದ್ದು ಕಣ್ಣಿಗೆ ತೀರ ಸಣ್ಣ ಕೆಲಸ. ಒಂದು ಕೈಯಲ್ಲಿ ಕೂಸಿನ ಬಲಭುಜವನ್ನು ಮೆಲ್ಲಗೆ ಒತ್ತಿ ಹಿಡಿಯಬೇಕು. ಇನ್ನೊಂದು ಕೈಯ ಅಂಗೈಯಲ್ಲಿ ತಲೆ ಹೊತ್ತು ಎಡಕಿವಿಯನ್ನು ಎಡಭುಜದ ಕಡೆಗೆ ಬಾಗಿಸಬೇಕು. ಆಮೇಲೆ ಗದ್ದವನ್ನು ಬಲಭುಜದ ಕಡೆಗೆ ತಿರುಗಿಸಬೇಕು. ಸ್ನಾಯು ಬಿಗಿಯಾದ ಕಡೆ ಹತ್ತರಿಂದ ಮೂವತ್ತು ಸೆಕೆಂಡು ಹಿಡಿದು ಬಿಡಬೇಕು. ಬಟ್ಟೆ ಬದಲಿಸುವಾಗ, ಎರೆದ ಮೇಲೆ, ಹಾಲಿಗೆ ಮೊದಲು, ಹೀಗೆ ದಿನವಿಡೀ ಹಂಚಿಕೊಂಡು ಮಾಡಬೇಕು. ಅಮೆರಿಕದ ಮಕ್ಕಳ ಫಿಸಿಯೋಥೆರಪಿಸ್ಟರ ಸಂಘ 2013ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಒಂದಿದೆ. ಒಂದು ತಿಂಗಳು ತುಂಬುವ ಮೊದಲೇ ಶುರು ಮಾಡಿದರೆ 100ಕ್ಕೆ 98 ಕೂಸುಗಳ ಕತ್ತು ಸುಮಾರು ಒಂದೂವರೆ ತಿಂಗಳಲ್ಲಿ ಸಲೀಸಾಗುತ್ತದೆ ಎಂದು ಅದು ಹೇಳುತ್ತದೆ. ತಿಂಗಳು ಕಳೆದು ಶುರು ಮಾಡಿದರೆ ಸುಮಾರು ಆರು ತಿಂಗಳು ಹಿಡಿಯುತ್ತದೆ. ಆರು ತಿಂಗಳು ತುಂಬಿದ ಮೇಲಾದರೆ ಒಂಬತ್ತು ಹತ್ತು ತಿಂಗಳು ದುಡಿದರೂ ಪೂರ್ತಿ ಗುಣವಾಗುವ ಮಕ್ಕಳ ಸಂಖ್ಯೆ ಕಡಿಮೆ. ಮೊದಲ ವಾರಗಳ ಆ ಎಳೆಯ ಸ್ನಾಯು ಮಾತು ಕೇಳುತ್ತದೆ. ಒಣಗಿದ ಮಿಣಿಗೆ ಎಣ್ಣೆ ಹಚ್ಚಿ ದಿನವೂ ಇಷ್ಟಿಷ್ಟೇ ಎಳೆದು ಪಳಗಿಸುತ್ತಿದ್ದ ನಮ್ಮ ತಂದೆಯ ಕೈ ನನಗೆ ನೆನಪಿತ್ತು. ಒಮ್ಮೆಗೇ ಜಗ್ಗಿದರೆ ಅದು ಹರಿಯುತ್ತದೆ, ಬಿಟ್ಟರೆ ಇನ್ನಷ್ಟು ಸೆಟೆಯುತ್ತದೆ.

ಮಗಳಿಗೆ ಇದನ್ನು ನೋಡಲಾಗಲಿಲ್ಲ. ಕೂಸು ಮೋರೆ ಕೆಂಪಗೆ ಮಾಡಿಕೊಂಡು ಅರಚಿದರೆ ಇವಳ ಕಣ್ಣಲ್ಲೂ ನೀರು. "ಬಿಡವ್ವಾ, ಸಾಕು. ಮಾತು ಬರದ ಕೂಸಿಗೆ ಹಿಂಗ್ ಮಾಡೋದು ಪಾಪ ಅಲ್ವಾ?" ಎನ್ನುತ್ತಿದ್ದಳು. ಬಾಗಿಲಾಚೆಯಿಂದ ಅತ್ತೆ, "ಅಳಿಸಬ್ಯಾಡವ್ವಾ ಕೂಸ್ನ, ದೇವ್ರು ಮೆಚ್ಚಲ್ಲ" ಎನ್ನುತ್ತಿದ್ದರು. ಇಬ್ಬರ ಮಾತನ್ನೂ ನಾನು ತಳ್ಳಿಹಾಕಲಾರೆ. ಅವರಿಬ್ಬರೂ ಆಡುತ್ತಿದ್ದುದು ಧರ್ಮದ ಮಾತನ್ನೇ.

ಆದರೆ ಅದೇ ಹೊತ್ತಿಗೆ ಮನೆಗೆ ಬಂದುಹೋಗುವವರು ಇನ್ನೊಂದು ಬಗೆಯ ಧರ್ಮದ ಮಾತನ್ನೂ ಆಡುತ್ತಿದ್ದರು. ಕೂಸು ನೋಡಲು ಬಂದ ಒಬ್ಬಾಕೆ, "ಹೊಟ್ಟೆಯಲ್ಲಿದ್ದಾಗ ಗ್ರಹಣ ನೋಡಿದ್ಯೇನವ್ವಾ?" ಎಂದು ಮಗಳನ್ನು ಕೇಳಿದರು. ಇನ್ನೊಬ್ಬರು ಹಿಂದಿನ ಜನ್ಮದ ಕರ್ಮ ಎಂದು ನಿಟ್ಟುಸಿರು ಬಿಟ್ಟರು. ಮತ್ತೊಬ್ಬರು ಕೂಸನ್ನು ಒಂದೇ ಮಗ್ಗುಲಿಗೆ ಮಲಗಿಸಿದ್ದರ ಫಲ ಎಂದರು. ಕಾರಣ ಬೇರೆ ಬೇರೆ. ಬೆರಳು ತೋರುತ್ತಿದ್ದುದು ಮಾತ್ರ ಒಂದೇ ಕಡೆ, ಹೊರಸಿನ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಬಾಣಂತಿಯ ಕಡೆ. ಕರ್ಮಸಿದ್ಧಾಂತ ದೊಡ್ಡದು, ಅದರ ಬಗ್ಗೆ ದೊಡ್ಡವರು ಬರೆದಿದ್ದಾರೆ, ನಾನು ಅದರ ತಕರಾರಿಗೆ ಹೋಗುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ತೊಟ್ಟಿಲ ಮುಂದೆ ನಿಂತು ಆಡಿದಾಗ ಅದು ತಾಯಿಯನ್ನು ಕಟಕಟೆಗೆ ನಿಲ್ಲಿಸುತ್ತದೆ, ಆಡಿದವರ ಕೈಯನ್ನು ಸುಮ್ಮನೆ ಮಡಿಲಲ್ಲಿ ಕೂರಿಸುತ್ತದೆ. ಯಾವ ತತ್ವವೇ ಆಗಲಿ, ತೊಂದರೆಯಲ್ಲಿರುವವರ ಹತ್ತಿರ ನಮ್ಮನ್ನು ಕರೆದೊಯ್ಯದೆ ದೂರ ಕೂರಿಸಿದರೆ ಆ ತತ್ವವನ್ನು ಅಲ್ಲಿ ಆಡಬಾರದು. ಹನ್ನೆರಡನೆಯ ಶತಮಾನದ ಶರಣರು ಜನನಸೂತಕವನ್ನು ನಿರಾಕರಿಸಿದರು. ಹೆತ್ತವಳೂ ಕೂಸೂ ಮುಟ್ಟಬಾರದವರಲ್ಲ ಎಂದು ಸಾರಿದ ಆ ಪರಂಪರೆಯ ಮನೆಯಲ್ಲಿ ಹುಟ್ಟಿದವಳು ನಾನು. ಮೈಲಿಗೆಯನ್ನು ಬಿಟ್ಟು ಮನಸ್ಸಿನ ಆರೋಪವನ್ನು ಉಳಿಸಿಕೊಂಡರೆ ಸೂತಕ ಹೋದಂತಾಗುವುದಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ನಾನು ಹೇಳುತ್ತಿದ್ದ ಕಥೆಯೊಂದು ಆಗ ಬೇರೆಯಾಗಿ ಕಂಡಿತು. ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆ ಬರುತ್ತದೆ. ತಂದೆ ಕಹೋಡ ವೇದ ಓದುತ್ತಿದ್ದಾಗ ಗರ್ಭದಲ್ಲಿದ್ದ ಶಿಶು ಓದು ಸರಿಯಿಲ್ಲವೆಂದು ಹೇಳಿತು. ಸಿಟ್ಟಾದ ತಂದೆ ಎಂಟು ಕಡೆ ವಕ್ರನಾಗಿ ಹುಟ್ಟು ಎಂದು ಶಪಿಸಿದ. ಕಥೆ ಹೇಳಿದವರು ಆ ವಕ್ರತೆಯನ್ನು ಕೂಸಿನ ತಪ್ಪಿಗೂ ತಾಯಿಯ ತಪ್ಪಿಗೂ ಕಟ್ಟಲಿಲ್ಲ, ಶಿಶುವಿನ ಮಾತೇ ಸರಿಯಾಗಿತ್ತು. ಮುಂದಿನದು ಇನ್ನೂ ಮುಖ್ಯ. ಹನ್ನೆರಡರ ಪ್ರಾಯದ ಹುಡುಗ ಅದೇ ವಕ್ರವಾದ ಮೈಯಲ್ಲಿ ಜನಕನ ಸಭೆಗೆ ಹೋಗಿ ಬಂದಿ ಎಂಬ ಪಂಡಿತನನ್ನು ವಾದದಲ್ಲಿ ಗೆದ್ದ. ಅವನ ಅಂಗಗಳು ನೆಟ್ಟಗಾದದ್ದು ಗೆದ್ದು ಬಂದ ಮೇಲೆ, ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮುಳುಗಿ ಎದ್ದಾಗ. ಮಾನ ಮೊದಲು ಬಂತು, ನೆಟ್ಟಗಾದದ್ದು ಆಮೇಲೆ. ಮೊಮ್ಮಗನ ಕತ್ತು ತಿದ್ದುವಾಗ ಈ ಕ್ರಮ ನನಗೆ ಬೇಕಾಗಿತ್ತು. ಅವನು ನೆಟ್ಟಗಿದ್ದರೆ ಮಾತ್ರ ನಮ್ಮವನು ಎಂಬ ಭಾವ ಕೈಗೆ ಇಳಿದರೆ ಕೈ ಒರಟಾಗುತ್ತದೆ. ಫಿಸಿಯೋಥೆರಪಿಗೆ ಬಗ್ಗದ ಕೆಲವು ಮಕ್ಕಳಿಗೆ ವರ್ಷ ತುಂಬಿದ ಮೇಲೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕೆಲವರಲ್ಲಿ ಸ್ವಲ್ಪ ವಾಲು ಉಳಿದೇ ಹೋಗುತ್ತದೆ. ಅವರ ಬಾಳಿಗೇನೂ ಕಡಿಮೆಯಿಲ್ಲ. ಹಾಗಾದರೆ ತಿದ್ದುವುದೇಕೆ? ಎರಡೂ ಕಡೆಯ ಲೋಕ ಅವನಿಗೆ ಸಿಗಲಿ ಎಂದು. ಬಲಗಡೆ ಕೂತ ಅಜ್ಜಿಯನ್ನೂ ಎಡಗಡೆ ಕೂತ ತಾಯಿಯನ್ನೂ ಅವನು ತಾನಾಗಿ ತಿರುಗಿ ನೋಡಲಿ ಎಂದು.

ಇನ್ನು ಅಳುವಿನ ಪ್ರಶ್ನೆ. ಇದಕ್ಕೆ ನನಗೆ ತಿಳಿದ ಅತ್ಯಂತ ನೇರ ಉತ್ತರ ಇರುವುದು ಬುದ್ಧ ಮತ್ತು ಅಭಯ ರಾಜಕುಮಾರನ ಸಂವಾದದಲ್ಲಿ. ಅದು ಪಾಲಿಯ ಮಜ್ಝಿಮನಿಕಾಯದಲ್ಲಿದೆ. ಬುದ್ಧನನ್ನು ಮಾತಿನಲ್ಲಿ ಸಿಕ್ಕಿಸಬೇಕೆಂದು ಅಭಯನನ್ನು ಕಳಿಸಿದ್ದರು. ಇತರರಿಗೆ ನೋವಾಗುವ ಮಾತನ್ನು ಬುದ್ಧ ಆಡುತ್ತಾನೆಯೇ ಎಂಬುದು ಅವನ ಪ್ರಶ್ನೆ. ಆಡುತ್ತೇನೆ ಎಂದರೆ ನಿನಗೂ ಸಾಮಾನ್ಯನಿಗೂ ಏನು ವ್ಯತ್ಯಾಸ ಎನ್ನಬಹುದು, ಆಡುವುದಿಲ್ಲ ಎಂದರೆ ಎದುರು ನಿಂತ ಶಿಷ್ಯ ದೇವದತ್ತನಿಗೆ ಕಟುವಾಗಿ ಹೇಳಿದ್ದೇಕೆ ಎನ್ನಬಹುದು. ಆಗ ಅಭಯನ ತೊಡೆಯ ಮೇಲೆ ಒಂದು ಹಸುಳೆ ಇತ್ತು. ಬುದ್ಧ ಅದನ್ನೇ ತೋರಿಸಿ, ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆ ಎಂದು ಕೇಳಿದ. ತೆಗೆಯುತ್ತೇನೆ, ಸುಲಭವಾಗಿ ಬಾರದಿದ್ದರೆ ಎಡಗೈಯಲ್ಲಿ ತಲೆ ಹಿಡಿದು ಬಲಗೈ ಬೆರಳು ಬಾಗಿಸಿ ರಕ್ತ ಬಂದರೂ ತೆಗೆಯುತ್ತೇನೆ, ಯಾಕೆಂದರೆ ನನಗೆ ಅದರ ಮೇಲೆ ಕರುಣೆಯಿದೆ ಎಂದ ರಾಜಕುಮಾರ. ಅವನ ಬಾಯಿಂದಲೇ ಉತ್ತರ ಬಂದಿತ್ತು. ನಿಜವೂ ಹಿತವೂ ಆದ ಮಾತು ಕೇಳುವವರಿಗೆ ಅಪ್ರಿಯವಾಗಿದ್ದರೂ ತಥಾಗತ ಆಡುತ್ತಾನೆ, ಆದರೆ ಹೊತ್ತು ನೋಡಿ ಆಡುತ್ತಾನೆ ಎಂದು ಬುದ್ಧ ವಿವರಿಸಿದ.

ಎರಡೂವರೆ ಸಾವಿರ ವರ್ಷದ ಹಿಂದಿನ ಆ ತೊಡೆಯ ಮೇಲಿನ ಕೂಸು ನನ್ನ ಅರ್ಧ ಪ್ರಶ್ನೆಯನ್ನು ಬಗೆಹರಿಸಿತು. ಅಳುವೊಂದೇ ಪಾಪದ ಗುರುತಲ್ಲ. ಗಂಟಲಲ್ಲಿ ಕಲ್ಲು ಇರುವಾಗ ಅಳು ನಿಲ್ಲಿಸಲು ಜೋಲಿ ತೂಗುವವರು ಪುಣ್ಯವಂತರಲ್ಲ. ಉಳಿದ ಅರ್ಧಕ್ಕೆ ನಾನೇ ಯೋಚಿಸಬೇಕಾಯಿತು. ಗಂಟಲ ಕಲ್ಲು ಕ್ಷಣದ ಅಪಾಯ, ಅಲ್ಲಿ ರಕ್ತ ಬಂದರೂ ಸರಿ. ಕತ್ತಿನ ಬಿಗಿ ಹಾಗಲ್ಲ. ಅಲ್ಲಿ ನಾಳೆ ಎಂಬುದಿದೆ. ನಾಳೆ ಇರುವಲ್ಲಿ ಇಂದು ಬಲ ಹಾಕುವ ಹಕ್ಕು ಯಾರಿಗೂ ಇಲ್ಲ. ಫಿಸಿಯೋಥೆರಪಿ ಹೇಳಿಕೊಟ್ಟ ಹುಡುಗಿ ಮೊದಲ ದಿನವೇ ಇದನ್ನು ಕಟ್ಟುನಿಟ್ಟಾಗಿ ಹೇಳಿದ್ದಳು. ಕೂಸು ಸೆಟೆದು ಎದುರು ಬಲ ಹಾಕಿದರೆ ಕೈ ಸಡಿಲಿಸಬೇಕು. ಉಸಿರಿನ ಲಯ ಬದಲಾದರೆ, ಮೈಬಣ್ಣ ಬದಲಾದರೆ ತಕ್ಷಣ ಬಿಡಬೇಕು. ಸ್ನಾಯು ಕೊಟ್ಟಷ್ಟೇ ತೆಗೆದುಕೊಳ್ಳಬೇಕು, ಕಸಿಯಬಾರದು.

ದಿನ ಕಳೆದಂತೆ ಅಳುಗಳಲ್ಲಿ ಭೇದ ತಿಳಿಯತೊಡಗಿತು. ಒಂದೇ ಭಂಗಿಯಲ್ಲಿ ಹಿಡಿದಿದ್ದಕ್ಕೆ ಬೇಸರದ ಅಳು ಒಂದು. ಅದು ಗೊಣಗಾಟದಿಂದ ಏರುತ್ತದೆ, ಕೈ ಬಿಟ್ಟ ಕೂಡಲೇ ನಿಲ್ಲುತ್ತದೆ. ಹಸಿವಿನ ಅಳುವಿನಲ್ಲಿ ಬಾಯಿ ಹುಡುಕಾಡುತ್ತದೆ. ನೋವಿನ ಅಳು ಥಟ್ಟನೆ ಬರುತ್ತದೆ, ಮುಷ್ಟಿ ಬಿಗಿಯುತ್ತದೆ, ಕೈ ಬಿಟ್ಟರೂ ಬಹಳ ಹೊತ್ತು ನಿಲ್ಲುವುದಿಲ್ಲ. ಈ ಮೂರನೆಯದನ್ನು ಬರಗೊಡಬಾರದು. ಇಲ್ಲಿಯೇ ದಯೆಯ ಪರೀಕ್ಷೆ ಇದೆ ಎಂದು ನನ್ನ ತಿಳಿವಳಿಕೆ. ಅಳು ಕೇಳಲಾರದೆ ಎದ್ದು ಹೋಗುವಾಗ ನಾನು ಕಾಪಾಡುತ್ತಿರುವುದು ನನ್ನ ಎದೆಯನ್ನು, ಕೂಸಿನ ಕತ್ತನ್ನಲ್ಲ. ಅಳು ಕೇಳಿಯೂ ಕೇಳದಂತೆ ಹಲ್ಲು ಕಚ್ಚಿ ತಿರುಗಿಸುವಾಗ ನಾನು ಕಾಪಾಡುತ್ತಿರುವುದು ನನ್ನ ಹಟವನ್ನು. ಎರಡರಲ್ಲೂ ನನ್ನ ಕಣ್ಣು ಕೂಸಿನ ಮುಖದ ಮೇಲಿರುವುದಿಲ್ಲ. ಮುಂದೆ ಹೋಗುವ ಧೈರ್ಯ ಮತ್ತು ನಿಲ್ಲುವ ಸೂಕ್ಷ್ಮ ಎರಡೂ ಒಂದೇ ಕೈಯಲ್ಲಿ ಇದ್ದಾಗ ಅದನ್ನು ದಯೆ ಎನ್ನಬಹುದು. ಅಂಥ ಕೈಗೆ ಅಳು ಅಡ್ಡಿಯಲ್ಲ. ಎಲ್ಲಿಯವರೆಗೆ ಹೋಗಬಹುದೆಂದು ಹೇಳುವುದೇ ಅಳು.

ಹಾಗಾಗಿ ಮಗಳ ಕಣ್ಣೀರನ್ನು ನಾನು ದುರ್ಬಲತೆ ಎಂದುಕೊಳ್ಳಲಿಲ್ಲ. ನನ್ನ ಕಿವಿಗಿಂತ ಅವಳ ಕಿವಿ ಚುರುಕು. "ನೀನು ಎದ್ದು ಹೋಗಬೇಡ, ಅವನ ತಲೆಯ ಹತ್ತಿರ ಕೂತ್ಕೋ. ನೀನು ಬಿಡು ಅಂದ್ರೆ ಬಿಡ್ತೀನಿ" ಎಂದೆ. ಅಂದಿನಿಂದ ಕೆಲಸ ಇಬ್ಬರದಾಯಿತು.

ಭಾಗವತದ ದಶಮಸ್ಕಂಧದಲ್ಲಿ ಕೃಷ್ಣ ಮಥುರೆಯ ಬೀದಿಯಲ್ಲಿ ಕುಬ್ಜೆಯನ್ನು ನೆಟ್ಟಗೆ ಮಾಡಿದ ಪ್ರಸಂಗ ಬಹಳ ಜನಕ್ಕೆ ಗೊತ್ತು. ಕಂಸನಿಗೆ ಗಂಧ ಒಯ್ಯುತ್ತಿದ್ದವಳು ಅವಳು. ಕೃಷ್ಣ ತನ್ನ ಪಾದದಿಂದ ಅವಳ ಪಾದದ ತುದಿಯನ್ನು ಒತ್ತಿ ಹಿಡಿದು, ಎರಡು ಬೆರಳಿನಿಂದ ಗದ್ದವನ್ನು ಹಿಡಿದು ಮೇಲಕ್ಕೆತ್ತಿದ. ಹರಿಕಥೆಯಲ್ಲಿ ಇದನ್ನು ಕೇಳುವಾಗ ಪವಾಡ ಎಂದು ಕೈಮುಗಿದು ಬಿಡುತ್ತೇವೆ. ದಾವಣಗೆರೆಯಿಂದ ಬಂದ ಮೇಲೆ ಆ ಪ್ರಸಂಗದ ಕೈಕಾಲು ನನಗೆ ಕಾಣಿಸಿತು. ಒಂದು ತುದಿ ನೆಲೆ ನಿಲ್ಲಬೇಕು, ಇನ್ನೊಂದು ತುದಿ ಏಳಬೇಕು. ಭುಜ ಹಿಡಿಯದೆ ತಲೆ ಬಾಗಿಸಿದರೆ ಮೈಯೆಲ್ಲ ಒಟ್ಟಿಗೇ ಹೊರಳುತ್ತದೆ, ಸ್ನಾಯುವಿಗೆ ಏನೂ ತಾಗುವುದಿಲ್ಲ. ಎತ್ತಲು ಬಳಸಿದ್ದು ಎರಡೇ ಬೆರಳು. ದೇವರ ಬಲ ವರ್ಣಿಸಬೇಕಿದ್ದ ಕಡೆ ಕವಿ ಬಲವನ್ನು ಅಷ್ಟು ಕಡಿಮೆ ಮಾಡಿ ಹೇಳಿದ್ದು ನನ್ನನ್ನು ಹಿಡಿದು ನಿಲ್ಲಿಸಿತು. ಕೃಷ್ಣನಿಗೆ ಒಂದು ಕ್ಷಣ ಸಾಕಾಯಿತು, ಮನುಷ್ಯರ ಕೈಗೆ ತಿಂಗಳುಗಳು ಬೇಕು. ಆದರೆ ಸೌಮ್ಯವಾಗಿರುವುದರಲ್ಲಿ ನಾವೂ ಅವನನ್ನು ಅನುಸರಿಸಬಹುದು, ಅದಕ್ಕೆ ದೇವರಾಗಬೇಕಿಲ್ಲ.

ತಿಂಗಳುಗಳ ಆ ದಾರಿಗೆ ನನಗೆ ಬಲ ಕೊಟ್ಟದ್ದು ಲಿಂಗಪೂಜೆ. ಬೆಳಿಗ್ಗೆ ಸ್ನಾನ ಮಾಡಿ ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ವಿಭೂತಿ ಧರಿಸಿ, ಬಲಗೈಯಿಂದ ಪತ್ರೆ ಏರಿಸುವುದನ್ನು ಹುಡುಗಿಯಾಗಿದ್ದಾಗಿನಿಂದ ಮಾಡಿಕೊಂಡು ಬಂದಿದ್ದೇನೆ. ಈ ಪೂಜೆಯಲ್ಲಿ ಜಾತ್ರೆಯ ಗದ್ದಲವಿಲ್ಲ, ಇಂದು ಹೆಚ್ಚು ಮಾಡಿ ನಾಳೆಗೆ ಬಿಡುವಂತಿಲ್ಲ. ದೃಷ್ಟಿ ಅಂಗೈ ಬಿಟ್ಟು ಕದಲಬಾರದು, ಅಂಗೈ ಅಲುಗಬಾರದು. ಅದೇ ಎಡಗೈ ಮೊಮ್ಮಗನ ತಲೆಯನ್ನು ಹೊತ್ತಾಗ ಅಲುಗಲಿಲ್ಲ. ಫಿಸಿಯೋಥೆರಪಿಯೂ ಪೂಜೆ, ಇನ್ನು ಪೂಜೆ ಬೇಡ ಎಂದು ನಾನು ಹೇಳುತ್ತಿಲ್ಲ. ಪೂಜೆ ನನ್ನ ಕೈಗೂ ಕಣ್ಣಿಗೂ ಕಲಿಸಿದ್ದು ಕೂಸಿನ ಹತ್ತಿರ ಬೇಕಾಯಿತು ಎನ್ನುತ್ತಿದ್ದೇನೆ. ದಿನದಿನವೂ ಸ್ವಲ್ಪ ಸ್ವಲ್ಪ ಮಾಡಬೇಕು, ಫಲ ಇಂದೇ ಕಾಣಬೇಕೆಂದು ಕೇಳಬಾರದು, ಮಾಡುವಾಗ ಬೇರೆಲ್ಲೂ ಇರಬಾರದು. ನಮಗೆ ಹತ್ತಿರದ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುತ್ತಾರೆ, ಸಾವಿರಾರು ಜನ ಸೇರುತ್ತಾರೆ. ನಾನೂ ಹೋಗಿ ನಿಂತು ನೋಡಿ ಕೈಮುಗಿದಿದ್ದೇನೆ. ಮರುಳಸಿದ್ಧರು ಶಿಷ್ಯನ ತಲೆಯ ಮೇಲೆ ಕೈಯಿಟ್ಟು ಬಾಳೆಂದು ಹರಸಿದರೆಂಬುದು ಸಿರಿಗೆರೆಯ ಮಠದ ಪರಂಪರೆ. ತಲೆಯ ಮೇಲೆ ಇಟ್ಟ ಕೈ ಹರಕೆಯ ಕೈಯಾಗಬೇಕಾದರೆ ಒಂದು ದಿನದ ಎಣ್ಣೆ ಸಾಲದು. ಕೂಸಿನ ವಿಷಯದಲ್ಲಂತೂ ಅದು ನಿತ್ಯದ ಕೆಲಸ.

ಕೈಯಿಂದ ತಿರುಗಿಸುವುದು ಅರ್ಧ ಚಿಕಿತ್ಸೆ ಮಾತ್ರ ಎಂದೂ ನಮಗೆ ಹೇಳಿದ್ದರು. ಉಳಿದ ಅರ್ಧ, ಕೂಸೇ ತಿರುಗುವಂತೆ ಮಾಡುವುದು. ಅದಕ್ಕೆ ಮನೆಯನ್ನೇ ಬದಲಿಸಿಕೊಂಡೆವು. ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಕೂಸು ಮುದುಡಿಕೊಂಡು ತಲೆ ಒಂದೇ ಕಡೆ ಇಳಿಯುತ್ತದೆಂದು ಎಚ್ಚರವಿರುವ ಹೊತ್ತಿನಲ್ಲಿ ಚಾಪೆಯ ಮೇಲೆ ಮಲಗಿಸಿದೆವು. ನಿದ್ದೆಗೆ ಅಂಗಾತ, ಎಚ್ಚರದಲ್ಲಿ ಕಣ್ಣೆದುರೇ ಬೋರಲು. ಬೋರಲು ಮಲಗಿಸಿದರೆ ತಲೆ ಎತ್ತಲು ಹವಣಿಸುತ್ತದೆ, ಕತ್ತಿನ ಎರಡೂ ಕಡೆ ಬಲ ಬರುತ್ತದೆ. ಹೊರಸಿನ ದಿಕ್ಕು ಬದಲಿಸಿ ಬಾಗಿಲ ಬೆಳಕು ಬಲಗಡೆ ಬರುವಂತೆ ಮಾಡಿದೆವು. ಹಾಲು ಕುಡಿಸುವಾಗ ಗದ್ದ ಬಲಕ್ಕೆ ತಿರುಗುವ ಹಾಗೆ ಹಿಡಿದುಕೊಳ್ಳಲು ಮಗಳು ಕಲಿತಳು. ಗಿಲಕಿ ಬಲಗಡೆ, ಮಾತು ಬಲಗಡೆ, ಅಜ್ಜನ ಸೀಟಿ ಬಲಗಡೆ. ತಲೆಯ ಹತ್ತಿರ ಕೂರುತ್ತಿದ್ದ ಮಗಳು ಬಲಮಗ್ಗುಲಿಗೆ ಸರಿದು ಹಾಡತೊಡಗಿದಳು. ಕೂಸು ಮೊದಲು ಕಣ್ಣನ್ನು ಮಾತ್ರ ಆ ಕಡೆಗೆ ಹೊರಳಿಸಿತು. ಕೆಲವು ವಾರಗಳಲ್ಲಿ ಕಣ್ಣಿನ ಹಿಂದೆ ಮೂಗು ಹೊರಟಿತು, ಮೂಗಿನ ಹಿಂದೆ ಗದ್ದ. ಆ ತಿರುಗುವಿಕೆಯಲ್ಲಿ ಅಳು ಇರಲಿಲ್ಲ.

ಇದನ್ನು ನೋಡುತ್ತಿದ್ದಾಗ ನನ್ನ ಮೊದಲ ಪ್ರಶ್ನೆಗಿಂತ ದೊಡ್ಡದೊಂದು ಪ್ರಶ್ನೆ ಎದುರಾಯಿತು. ದೇವರ ಕೃಪೆ ಎನ್ನುತ್ತೇವಲ್ಲ, ಅದು ನಮ್ಮನ್ನು ಹಿಡಿದು ತಿರುಗಿಸುವ ಕೈಯೋ, ನಾವು ತಿರುಗಲಾರದ ಕಡೆಯಿಂದ ಕರೆಯುವ ದನಿಯೋ? ಕೈ ಮಾತ್ರ ಎಂದರೆ ಭಕ್ತನಿಗೆ ಮಾಡಲು ಏನೂ ಉಳಿಯುವುದಿಲ್ಲ, ಅವನು ತಿರುಗಿಸಿದಷ್ಟು ತಿರುಗುವ ವಸ್ತು. ದನಿ ಮಾತ್ರ ಎಂದರೆ ಬಿಗಿದ ಕತ್ತಿನವರ ಗತಿ ಏನು? ಕರೆ ಕೇಳಿಯೂ ತಿರುಗಲಾರದ ಸ್ಥಿತಿ ಇದೆ. ಅದನ್ನು ನಾನು ನನ್ನ ಮಡಿಲಲ್ಲೇ ಕಂಡಿದ್ದೇನೆ. ದುಃಖದಲ್ಲಿ, ಚಟದಲ್ಲಿ, ಹಳೆಯ ದ್ವೇಷದಲ್ಲಿ ಬಿಗಿದುಹೋದ ದೊಡ್ಡವರಲ್ಲೂ ಕಂಡಿದ್ದೇನೆ. ಬಾ ಎಂದರೆ ಅವರು ಬರಲಾರರು. ಅವರಿಗೆ ಇಷ್ಟಿಷ್ಟೇ ಸಡಿಲಿಸುವ ಕೈ ಬೇಕು. ಸಡಿಲವಾದ ಮೇಲೆ ಕೈ ಹಿಂದೆ ಸರಿದು ದನಿಗೆ ಎಡೆ ಬಿಡಬೇಕು. ಕೈಯ ಕೆಲಸ ದಾರಿ ತೆರೆಯುವವರೆಗೆ, ತಿರುಗುವುದು ತಿರುಗುವವರ ಕೆಲಸ. ದೇವರು ನಮ್ಮೊಂದಿಗೆ ಹೀಗೆಯೇ ನಡೆದುಕೊಳ್ಳುತ್ತಾನೆಂದು ನಾನು ನಂಬುತ್ತೇನೆ. ನಂಬುವುದಕ್ಕೆ ನನಗಿರುವ ಆಧಾರ ಯಾವ ಶಾಸ್ತ್ರವೂ ಅಲ್ಲ. ಹೆತ್ತವರು, ಕಲಿಸುವವರು, ಶುಶ್ರೂಷೆ ಮಾಡುವವರು ತಮ್ಮ ಒಳ್ಳೆಯ ಗಳಿಗೆಯಲ್ಲಿ ಹೀಗೆ ನಡೆದುಕೊಳ್ಳುತ್ತಾರೆ. ಅವರಿಗಿಂತ ದೇವರು ಕಡಿಮೆಯವನಾಗಿರಲಾರ.

ಆದರೆ ಕೈ ಬೇಕು ಎಂದಾಗ ಯಾರ ಕೈ ಎಂಬುದನ್ನೂ ಹೇಳಬೇಕು. ನನಗೆ ಪಿಂಚಣಿ ಬರುತ್ತದೆ, ಮಗಳಿಗೆ ಬಾಣಂತನದ ಬಿಡುವಿತ್ತು, ದಾವಣಗೆರೆಗೆ ಹೋಗಿಬರುವ ದುಡ್ಡಿತ್ತು. ನಮ್ಮ ಜಗಳೂರು ಸೀಮೆ ಮಳೆ ನಂಬಿದ ನೆಲ. ಮೆಕ್ಕೆಜೋಳದ ಕಳೆಗೆ, ಈರುಳ್ಳಿ ಕೀಳುವುದಕ್ಕೆ, ಶೇಂಗಾ ಬಿಡಿಸುವುದಕ್ಕೆ ಕೂಲಿ ಹೋಗುವ ತಾಯಂದಿರು ಕೂಸಿಗೆ ಕೆಲವೇ ತಿಂಗಳಾದಾಗ ಹೊಲಕ್ಕೆ ಇಳಿಯುತ್ತಾರೆ, ಬದುವಿನ ಮರಕ್ಕೆ ಜೋಲಿ ಕಟ್ಟುತ್ತಾರೆ. ಅವರಿಗೆ ದಿನಕ್ಕೆ ಹಲವು ಸಲ ವ್ಯಾಯಾಮ ಮಾಡಿಸು ಎಂದು ಹೇಳಿ ಕಳಿಸುವುದು ಸುಲಭ. ಮಾಡಿಸದಿದ್ದರೆ ತಾಯಿಗೆ ಕಾಳಜಿಯಿಲ್ಲ ಎನ್ನುವುದು ಇನ್ನೂ ಸುಲಭ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವಕ್ರಪಾದ, ಸೊಂಟದ ಕೀಲಿನ ದೋಷ ಮೊದಲಾದವನ್ನು ಎಳವೆಯಲ್ಲೇ ಗುರುತಿಸಿ, ಜಿಲ್ಲಾಮಟ್ಟದಲ್ಲಿ ಡಿಇಐಸಿ ಎಂದು ಕರೆಯುವ ಕೇಂದ್ರಗಳಲ್ಲಿ ಚಿಕಿತ್ಸೆ ಕೊಡುವ ವ್ಯವಸ್ಥೆಯಿದೆ. ಅದು ಒಳ್ಳೆಯ ಕೆಲಸ. ಆದರೆ ಈ ಚಿಕಿತ್ಸೆಯ ಬಹುಪಾಲು ನಡೆಯುವುದು ಆಸ್ಪತ್ರೆಯಲ್ಲಲ್ಲ, ಚಾಪೆಯ ಮೇಲೆ.

ಅಲ್ಲಿಗೆ ಊರಿನ ಕೈ ಬರಬೇಕು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ದುಡ್ಡು ಕೇಳದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮದೇ ರೀತಿಯ ಒಣಸೀಮೆಯ ಹೆಣ್ಣುಮಗಳು ಅವರು. ಎಲ್ಲ ಊರುಗಳಲ್ಲೂ ಅಂಥ ಕೈಗಳಿದ್ದವು, ಈಗಲೂ ಎರೆಯುವ, ಎಣ್ಣೆ ಹಚ್ಚುವ, ಮೂಗು ತೀಡುವ ಹಿರಿಯರಿದ್ದಾರೆ. ಅವರ ಕೈಗೆ ಕೂಸಿನ ಮೈ ಗೊತ್ತು. ನಮ್ಮ ಅತ್ತೆ ಕಂಡಂತೆ ವಾಲಿದ ಕತ್ತನ್ನು ವೈದ್ಯರಿಗಿಂತ ಮೊದಲು ಕಾಣಬಲ್ಲವರು ಅವರೇ. ಉಳುಕು ತೆಗೆಯುತ್ತೇನೆಂದು ಯಾರೂ ಎಳೆಯ ಕತ್ತನ್ನು ಜಗ್ಗಬಾರದು, ಆ ಒಂದು ಎಚ್ಚರಿಕೆ ಅವರಿಗೆ ಮುಟ್ಟಬೇಕು. ಕಂಡದ್ದನ್ನು ತಡಮಾಡದೆ ಆಶಾಗೆ ಹೇಳಬೇಕು. ತಾಯಿ ಹೊಲಕ್ಕೆ ಹೋದಾಗ, ಆಸ್ಪತ್ರೆಯಲ್ಲಿ ಹೇಳಿಕೊಟ್ಟದ್ದನ್ನು ಅವಳಿಂದ ಕಲಿತು ಮುಂದುವರಿಸಬೇಕು. ನಮ್ಮಲ್ಲಿ ದಾಸೋಹವೆಂದರೆ ಪಂಕ್ತಿಯಲ್ಲಿ ಕೂತವರಿಗೆ ಬಡಿಸುವುದು ಎಂದೇ ರೂಢಿಯಾಗಿದೆ. ನೆರೆಮನೆಯ ಕೂಲಿ ತಾಯಿಯ ಕೂಸಿಗೆ ಅರ್ಧ ಗಂಟೆ ಕೊಡುವುದೂ ದಾಸೋಹವೇ. ಅದಕ್ಕೆ ಅನ್ನದಷ್ಟೇ ಬೆಲೆಯಿದೆ.

ನಮ್ಮ ಅತ್ತೆ ಅಳಿಸಬೇಡ ಎನ್ನುವುದನ್ನು ಪೂರ್ತಿ ಬಿಟ್ಟಿಲ್ಲ, ನಾನೂ ಬಿಡಿ ಎಂದು ಕೇಳಿಲ್ಲ. ಆ ಮಾತು ಮನೆಯಲ್ಲಿ ಇರಬೇಕು, ಕೈಗೆ ಅದು ಲಗಾಮು. ಅದರ ಜೊತೆಗೆ ಇನ್ನೊಂದು ಮಾತನ್ನು ನಾವು ಸೇರಿಸಿಕೊಂಡಿದ್ದೇವೆ. ಕೂಸು ನೋಡಲು ಹೋದವರು ಯಾರನ್ನು ಹೋಲುತ್ತದೆ ಎಂದು ಕೇಳುವ ಜೊತೆಗೆ, ಎರಡೂ ಕಡೆಗೆ ತಿರುಗುತ್ತದೆಯೇ ಎಂದು ನೋಡಿ. ತಿರುಗದಿದ್ದರೆ ತಾಯಿಯನ್ನು ಯಾಕೆ ಎಂದು ಕೇಳಬೇಡಿ, ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತೇನೆ ಎನ್ನಿ. ವ್ಯಾಯಾಮ ಮಾಡಿಸುವಾಗ ಕೂಸು ಅತ್ತರೆ ಹೊರಗೆ ಎದ್ದು ಬರಬೇಡಿ. ಬಿಗಿದ ಮಗ್ಗುಲಿಗೆ ಸರಿದು ಕೂತು ಅದರ ಹೆಸರು ಹಿಡಿದು ಕರೆಯಿರಿ, ಅದು ತಿರುಗುವವರೆಗೆ ಕರೆಯುತ್ತಲೇ ಇರಿ. ದಯೆಯ ಬಗ್ಗೆ ನನಗೆ ಗೊತ್ತಿರುವ ಧರ್ಮವೆಲ್ಲ ಇಷ್ಟರಲ್ಲಿದೆ.